ಮಳೆ ಸುದ್ದಿ ಊರಿಗೆ ಮುಟ್ಟಿಸೋಕೆ ಯಾವುದು ವಾಸಿ? ಹಲಗೆ, ವಾಟ್ಸಾಪ್, ರೇಡಿಯೊ, ಶಾಲೆ: ಒಂದು ಹೋಲಿಕೆ

ಮಂಡ್ಯ ಕಡೆ ಜೂನ್ ಬಂತು ಅಂದರೆ ಟೀ ಅಂಗಡಿಯಲ್ಲಿ ಎರಡೇ ಪ್ರಶ್ನೆ. "ಕೊಡಗಲ್ಲಿ ಮಳೆ ಹೆಂಗೈತೆ?" "ಕಟ್ಟೆ ಎಷ್ಟಾಯ್ತು?" ಕಟ್ಟೆ ಅಂದರೆ ಕನ್ನಂಬಾಡಿ, ಅದೇ ಕೆ.ಆರ್.ಎಸ್. ಅಣೆಕಟ್ಟು. ಎರಡಕ್ಕೂ ಉತ್ತರ ಈಗ ಯಾರದಾದರೂ ಫೋನಿನಲ್ಲಿ ಇದ್ದೇ ಇರುತ್ತದೆ. ಹವಾಮಾನ ಇಲಾಖೆ ದಿನವೂ ಜಿಲ್ಲೆಯ ಮುನ್ಸೂಚನೆ ಕೊಡುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ತಾನಾಗಿ ಲೆಕ್ಕ ಕಳಿಸುವ ಮಳೆಮಾಪಕ ಹಾಕಿದ್ದಾರೆ. ಅವರ ವರುಣ ಮಿತ್ರ ಸಹಾಯವಾಣಿಗೆ ಕರೆ ಮಾಡಿದರೆ ಕನ್ನಡದಲ್ಲೇ ಹೇಳುತ್ತಾರೆ. ಮಾಹಿತಿಗೆ ಬರ ಇಲ್ಲ. ಅದನ್ನು ಹೊತ್ತಿಗೆ ಸರಿಯಾಗಿ, ಅರ್ಥ ಆಗುವ ಹಾಗೆ ಊರಿಗೆ ಮುಟ್ಟಿಸುವವರು ಕಮ್ಮಿ.

ನೀವು ಮೇಷ್ಟ್ರಾಗಿರಬಹುದು, ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವರಾಗಿರಬಹುದು, ಡೈರಿ ಕಾರ್ಯದರ್ಶಿ ಇರಬಹುದು, ಸ್ತ್ರೀಶಕ್ತಿ ಸಂಘದವರಿರಬಹುದು. ಇಲ್ಲಾ ಸುಮ್ನೆ ಮೋಡ ನೋಡೋ ಹುಚ್ಚು ಇರುವವರು. ಈ ಕೆಲಸ ಮಾಡೋಣ ಅಂತ ಹೊರಟರೆ ಮೊದಲು ಎದುರಾಗುವುದು, ಯಾವ ದಾರಿ ಹಿಡಿಯೋದು ಅನ್ನುವ ಗೊಂದಲ. ವಾಟ್ಸಾಪ್ ಗುಂಪು ಮಾಡೋಣವೇ, ಹಲಗೆ ಮೇಲೆ ಬರೆಯೋಣವೇ, ರೇಡಿಯೊದವರನ್ನು ಕೇಳೋಣವೇ, ಶಾಲೆಗೆ ಹೋಗಿ ಭಾಷಣ ಮಾಡೋಣವೇ?

ಎಲ್ಲದಕ್ಕೂ ಒಂದೇ ಉತ್ತರ ಇಲ್ಲ. ನಾನು ಎರಡು ಪ್ರಶ್ನೆ ಇಟ್ಟುಕೊಂಡು ಆರಿಸುತ್ತೇನೆ. ಈ ಸುದ್ದಿಯ ಆಯಸ್ಸು ಎಷ್ಟು? ಕೇಳಿದವರು ಇದನ್ನು ಕೇಳಿ ಏನು ಮಾಡಬಹುದು? ಸಿಡಿಲಿನ ಸುದ್ದಿಗೆ ಅರ್ಧ ಗಂಟೆ ಆಯಸ್ಸು. ಮಳೆ ಮುನ್ಸೂಚನೆಗೆ ಮೂರು ನಾಲ್ಕು ದಿನ. ಕಟ್ಟೆ ತುಂಬುತ್ತದೋ ಇಲ್ಲವೋ ಅನ್ನೋದಕ್ಕೆ ಒಂದು ಮಳೆಗಾಲ. ಭೂಮಿ ಬಿಸಿಯಾಗುತ್ತಿರುವ ವಿಷಯಕ್ಕೆ ಒಂದು ಜೀವಮಾನ. ಅರ್ಧ ಗಂಟೆಯ ಸುದ್ದಿಯನ್ನು ಹಲಗೆ ಮೇಲೆ ಬರೆದರೂ, ಜೀವಮಾನದ ವಿಷಯವನ್ನು ವಾಟ್ಸಾಪ್ ಫಾರ್ವರ್ಡಿನಲ್ಲಿ ತೂರಿದರೂ ಎರಡೂ ದಂಡ.

ಸಿಡಿಲು: ಆ್ಯಪೋ, ಮೈಕೋ?

ನಮ್ಮ ಕಡೆ ಸಿಡಿಲಿನ ಕಾಟ ಜಾಸ್ತಿ ಇರೋದು ಮುಂಗಾರಿಗೆ ಮುಂಚೆ, ಏಪ್ರಿಲ್ ಮೇನಲ್ಲಿ. ಮಧ್ಯಾಹ್ನದವರೆಗೆ ಸುಡು ಬಿಸಿಲು, ನಾಲ್ಕು ಗಂಟೆಗೆ ಕಪ್ಪು ಮೋಡ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ದಾಮಿನಿ ಆ್ಯಪ್ ನೀವಿರುವ ಜಾಗದಿಂದ 20 ಮತ್ತು 40 ಕಿ.ಮೀ. ಸುತ್ತಳತೆಯಲ್ಲಿ ಸಿಡಿಲು ಹೊಡೆಯುತ್ತಿದೆಯೇ ಅಂತ ತೋರಿಸುತ್ತದೆ. ಒಳ್ಳೆಯದೇ. ಆದರೆ ಸಿಡಿಲಿಗೆ ಸಿಕ್ಕುವವರು ಯಾರು? ಕುರಿ ಮೇಯಿಸುವವರು, ಗದ್ದೆ ಬಯಲಲ್ಲಿ ಕಳೆ ಕೀಳುವ ಹೆಂಗಸರು. ಅವರ ಕೈಯಲ್ಲಿ ಆ ಹೊತ್ತಿಗೆ ಸ್ಮಾರ್ಟ್‌ಫೋನ್ ಇರುವುದು ಅಪರೂಪ. ದೇವಸ್ಥಾನದ ಮೈಕು ದೂರಕ್ಕೆ ಕೇಳುತ್ತದೆ, ಆದರೆ ಗುಡುಗು ಶುರುವಾದ ಕೂಡಲೇ ಕರೆಂಟು ಹೋಗುತ್ತದಲ್ಲ.

ಹಾಗಾಗಿ ಇಲ್ಲಿ ನನ್ನ ಓಟು ಎರಡಕ್ಕೂ ಅಲ್ಲ. ಎಣಿಸುವುದನ್ನು ಕಲಿಸಿ, ಅದೂ ಮಾರ್ಚಿನಲ್ಲೇ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡ್ ಎಣಿಸಬೇಕು. ಮೂರು ಸೆಕೆಂಡಿಗೆ ಹತ್ತಿರ ಹತ್ತಿರ ಒಂದು ಕಿ.ಮೀ. ದೂರ. ಎಣಿಕೆ 30 ದಾಟುವ ಮೊದಲೇ ಗುಡುಗಿದರೆ ಸಿಡಿಲು 10 ಕಿ.ಮೀ. ಒಳಗೆ ಬಂದಿದೆ ಅಂತ. ಮರದ ಕೆಳಗೆ ನಿಲ್ಲದೆ ಗಟ್ಟಿ ಕಟ್ಟಡದ ಒಳಗೆ ಸೇರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೇ ಹೊರಗೆ ಬರಬೇಕು. ಐದನೇ ಕ್ಲಾಸಿನ ಮಕ್ಕಳಿಗೆ ಇದನ್ನು ಕಲಿಸಿದರೆ ಅವರೇ ಮನೆಗೆ ಹೋಗಿ ಅಜ್ಜಿಗೆ ಹೇಳುತ್ತಾರೆ. ಆ್ಯಪನ್ನು ಊರಿನಲ್ಲಿ ನಾಲ್ಕೈದು ಜನ ಇಟ್ಟುಕೊಂಡರೆ ಸಾಕು. ಹೊಲದಲ್ಲಿರುವವರ ಬೇಸಿಕ್ ಫೋನಿಗೆ ಅವರೇ ಒಂದು ಕರೆ ಮಾಡಲಿ.

ಮೂರು ದಿನದ ಮಳೆ: ಡೈರಿ ಮುಂದಿನ ಹಲಗೆಯೋ, ವಾಟ್ಸಾಪೋ?

ಇದೇ ನಿಜವಾದ ಪೈಪೋಟಿ.

ವಾಟ್ಸಾಪಿನ ಗುಣ ಎಲ್ಲರಿಗೂ ಗೊತ್ತು. ಖರ್ಚಿಲ್ಲ, ಕ್ಷಣದಲ್ಲಿ ತಲುಪುತ್ತದೆ, ಮಳೆ ನಕ್ಷೆಯ ಫೋಟೊ ಹಾಕಬಹುದು, ಓದಲು ಬಾರದವರಿಗೆ ದನಿಯಲ್ಲಿ ಹೇಳಬಹುದು. ಅವಗುಣ ಒಂದೇ, ಆದರೆ ದೊಡ್ಡದು: ಅಲ್ಲಿ ಹಾಕಿದ ಮಾತು ಸಾಯುವುದೇ ಇಲ್ಲ. "ನಾಳೆ ಭಾರಿ ಮಳೆ, ಎಚ್ಚರ" ಅಂತ ಸೋಮವಾರ ಹಾಕಿದ ಮೆಸೇಜು ಗುರುವಾರ ಇನ್ನೊಂದು ಗುಂಪಿನಿಂದ ತಿರುಗಿ ನಿಮಗೇ ಬರುತ್ತದೆ, ಇನ್ನೂ "ನಾಳೆ" ಅಂತಲೇ. ಮೂರು ವರ್ಷದ ಹಿಂದಿನ ಪ್ರವಾಹದ ವಿಡಿಯೊ ಹೊಸದಾಗಿ ಬರುತ್ತದೆ. ಇನ್ನೊಂದು ವಿಷಯ, ಬಹಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇರುವುದು ಗಂಡನ ಹತ್ತಿರ, ಇಲ್ಲವೇ ಮಗನ ಹತ್ತಿರ. ಹುಲ್ಲು ತರುವವರು, ರಾಗಿ ಒಣಗಿಸುವವರು ಆ ಗುಂಪಿನಲ್ಲಿ ಇರುವುದೇ ಇಲ್ಲ.

ಹಲಗೆಯ ಕಥೆ ಬೇರೆ. ಡೈರಿ ಮುಂದೆ ದಿನಕ್ಕೆರಡು ಸಲ ಊರಿನ ಅರ್ಧ ಮನೆಗಳವರು ಕ್ಯಾನು ಹಿಡಿದು ಸಾಲು ನಿಲ್ಲುತ್ತಾರೆ. ಅದರಲ್ಲಿ ಹೆಂಗಸರೂ ಇರುತ್ತಾರೆ. ಸಾಲಿನಲ್ಲಿ ನಿಂತವರಿಗೆ ಬೇರೆ ಕೆಲಸ ಇಲ್ಲ, ಓದುತ್ತಾರೆ. ಓದಲು ಬಾರದವರಿಗೆ ಪಕ್ಕದವರು ಹೇಳುತ್ತಾರೆ. ಮಾತು ಹುಟ್ಟುತ್ತದೆ. "ನಿಮ್ಮ ಹೊಲದಲ್ಲಿ ಬಿತ್ತಾ? ನಮ್ಮಲ್ಲಿ ಹನೀನೂ ಇಲ್ಲ." ಮಾರನೆಯ ದಿನ ಅಳಿಸಿ ಬರೆಯಲೇಬೇಕು, ಆದ್ದರಿಂದ ಹಳೇ ಸುದ್ದಿ ಉಳಿಯುವುದಿಲ್ಲ.

ಹಲಗೆಯನ್ನೇ ಆರಿಸಿದರೆ ಸಂಜೆ ಹಾಲಿಗೆ ಮುಂಚೆ ಬರೆಯಿರಿ, ಬೆಳಿಗ್ಗೆ ಬೇಡ. ಕಾರಣ ಇದೆ. ದೇಶದ ಮಳೆ ಲೆಕ್ಕದ ದಿನ ಮುಗಿಯುವುದು ಬೆಳಿಗ್ಗೆ 8.30ಕ್ಕೆ. ನಿನ್ನೆ 8.30ರಿಂದ ಇವತ್ತು 8.30ರವರೆಗೆ ಬಿದ್ದದ್ದು ಇವತ್ತಿನ ಲೆಕ್ಕ. ಅಷ್ಟು ಹೊತ್ತಿಗೆ ಬೆಳಗಿನ ಹಾಲು ಅಳೆದು ಮುಗಿದಿರುತ್ತದೆ. ಹೊಸ ಮುನ್ಸೂಚನೆಯೂ ಮಧ್ಯಾಹ್ನದ ಹೊತ್ತಿಗೆ ಬರುತ್ತದೆ. ಸಂಜೆ ಬರೆದರೆ ಎರಡೂ ತಾಜಾ ಇರುತ್ತವೆ, ನಾಳೆಯ ಕೆಲಸ ಗೊತ್ತು ಮಾಡುವ ಹೊತ್ತೂ ಅದೇ.

ನಾಲ್ಕು ಸಾಲು ಸಾಕು. ವಾರ ಮತ್ತು ತಾರೀಖು. ನಮ್ಮ ಪಂಚಾಯಿತಿಯಲ್ಲಿ ಬಿದ್ದ ಮಳೆ, ಮಿಲಿಮೀಟರಿನಲ್ಲಿ. ಮುಂದಿನ ಮೂರು ದಿನ ಏನಾಗಬಹುದು, ಅದಕ್ಕೆ ಏನು ಮಾಡಬಹುದು. ಕೊನೆಗೆ ಕನ್ನಂಬಾಡಿ ಕಟ್ಟೆಯ ಮಟ್ಟ, ಒಳಹರಿವು. ಕೊನೆಯದನ್ನು ಬಿಡಬೇಡಿ. ನಾಲೆ ಬಯಲಿನ ಊರಿನಲ್ಲಿ ಕಟ್ಟೆ ಮಟ್ಟ ಇಲ್ಲದ ಹಲಗೆಯನ್ನು ಯಾರೂ ಎರಡನೇ ದಿನ ನೋಡುವುದಿಲ್ಲ.

ಹಾಗಂತ ವಾಟ್ಸಾಪ್ ಬಿಡಿ ಅನ್ನುತ್ತಿಲ್ಲ. ಹಲಗೆಯ ಫೋಟೊ ತೆಗೆದು ಗುಂಪಿಗೆ ಹಾಕಿ. ಅಡ್ಮಿನ್ ಮಾತ್ರ ಹಾಕುವಂತೆ ಸೆಟ್ಟಿಂಗ್ ಮಾಡಿ, ಇಲ್ಲದಿದ್ದರೆ ಮೂರನೇ ದಿನಕ್ಕೆ ಗುಡ್ ಮಾರ್ನಿಂಗ್ ಹೂವುಗಳ ಮಧ್ಯೆ ಮಳೆ ಕಳೆದುಹೋಗುತ್ತದೆ. "ನಾಳೆ", "ಇಂದು" ಅನ್ನುವ ಪದ ಬಳಸಲೇಬೇಡಿ. "ಗುರುವಾರ, 12ನೇ ತಾರೀಖು" ಅಂತ ಬರೆಯಿರಿ.

ಹೇಗೆ ಬರೆಯೋದು: ಪರ್ಸೆಂಟೋ, ಬಣ್ಣವೋ, ಮಾತೋ?

ದಾರಿ ಆರಿಸಿದ ಮೇಲೂ ಅರ್ಧ ಕೆಲಸ ಬಾಕಿ ಇರುತ್ತದೆ. ಒಂದೇ ಮುನ್ಸೂಚನೆಯನ್ನು ಮೂರು ರೀತಿ ಹೇಳಬಹುದು.

ಫೋನಿನ ಆ್ಯಪ್‌ಗಳು ಪರ್ಸೆಂಟಿನಲ್ಲಿ ಹೇಳುತ್ತವೆ. "ಮಳೆ ಸಾಧ್ಯತೆ ಶೇ 30." ಇದು ನಮ್ಮ ಹಳ್ಳಿಯವರಿಗೆ ಅರ್ಥ ಆಗಲ್ಲ ಅಂತ ಅಂದುಕೊಳ್ಳಬೇಡಿ, ಯಾರಿಗೂ ಆಗಲ್ಲ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನ್ಯೂಯಾರ್ಕ್, ಆಮ್‌ಸ್ಟರ್‌ಡ್ಯಾಮ್, ಅಥೆನ್ಸ್, ಬರ್ಲಿನ್, ಮಿಲಾನ್ ಪಟ್ಟಣಗಳ ಜನರನ್ನು ಶೇ 30 ಅಂದರೆ ಏನು ಅಂತ ಕೇಳಿದರು. ಹೆಚ್ಚಿನವರು ಸರಿಯಾಗಿ ಹೇಳಿದ್ದು ನ್ಯೂಯಾರ್ಕಿನಲ್ಲಿ ಮಾತ್ರ. ಮಿಕ್ಕ ಕಡೆ ಬಹಳ ಜನ ದಿನದ ಶೇ 30ರಷ್ಟು ಹೊತ್ತು ಮಳೆ ಬರುತ್ತದೆ ಅಂದುಕೊಂಡಿದ್ದರು, ಇನ್ನು ಕೆಲವರು ಶೇ 30ರಷ್ಟು ಜಾಗದಲ್ಲಿ ಅಂತ. ಪರ್ಸೆಂಟ್ ಹೇಳಲೇಬೇಕಾದರೆ ಬಿಡಿಸಿ ಹೇಳಿ: "ಇಂಥ ಮೋಡದ ದಿನ ಹತ್ತು ಬಂದರೆ ಮೂರು ದಿನ ಮಳೆ ಆಗುತ್ತೆ, ಏಳು ದಿನ ಆಗಲ್ಲ."

ಬಣ್ಣ ಸುಲಭ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಹಸಿರು ಅಂದರೆ ಚಿಂತೆ ಇಲ್ಲ, ಹಳದಿ ಅಂದರೆ ಗಮನ ಇಡಿ, ಕಿತ್ತಳೆ ಅಂದರೆ ಸಜ್ಜಾಗಿ, ಕೆಂಪು ಅಂದರೆ ಈಗಲೇ ಕ್ರಮ ತಗೊಳ್ಳಿ. ತೊಂದರೆ ಏನೆಂದರೆ ಬಣ್ಣ ಕೊಡುವುದು ಇಡೀ ಜಿಲ್ಲೆಗೆ. ಮಂಡ್ಯ ಜಿಲ್ಲೆಯಲ್ಲಿ ಏಳು ತಾಲ್ಲೂಕು. ನಾಗಮಂಗಲದ ಮಳೆ ನಂಬಿದ ಬೆದ್ದಲು ಬೇರೆ, ಮದ್ದೂರಿನ ನಾಲೆ ಬಯಲು ಬೇರೆ. ಮಳವಳ್ಳಿಯಲ್ಲಿ ಸುರಿದ ದಿನ ಕೆ.ಆರ್. ಪೇಟೆಯಲ್ಲಿ ಬಿಸಿಲು ಇರಬಹುದು. ಪ್ರತಿ ಹಳದಿಗೂ ಗಾಬರಿ ಹುಟ್ಟಿಸಿದರೆ ಕೆಂಪು ಬಂದ ದಿನ ಯಾರೂ ತಿರುಗಿ ನೋಡಲ್ಲ. ಮಕ್ಕಳಿಗಂತೂ ಬಣ್ಣ ಯಾವುದಾದರೂ ಅರ್ಥ ಒಂದೇ, ಶಾಲೆಗೆ ರಜಾ ಉಂಟಾ ಅಂತ. ನನ್ನ ಮಟ್ಟಿಗೆ ಕಿತ್ತಳೆ, ಕೆಂಪು ಬಂದಾಗ ಮಾತ್ರ ಹಲಗೆಗೆ ಬಣ್ಣದ ಸೀಮೆಸುಣ್ಣ ಸಾಕು.

ಮೂರನೆಯದು ಕೆಲಸದ ಮಾತು. ನನಗೆ ಇದೇ ಇಷ್ಟ. ನವೆಂಬರ್ ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ನಮ್ಮ ಕಡೆ ಮೂರು ದಿನ ಮೋಡ ಮುಚ್ಚಿ ಸೋನೆ ಹಿಡಿಯುತ್ತದೆ. 2024ರಲ್ಲಿ ಫೆಂಗಲ್ ಚಂಡಮಾರುತ ನವೆಂಬರ್ 30ಕ್ಕೆ ಪುದುಚೇರಿ ಹತ್ತಿರ ದಡ ಮುಟ್ಟಿ, ಅದರ ಬಾಲದ ಮಳೆ ಮೈಸೂರು, ಮಂಡ್ಯ, ಚಾಮರಾಜನಗರಕ್ಕೆ ಬಂದದ್ದು ನೆನಪಿರಬೇಕು. ಅದು ರಾಗಿ ಕುಯ್ಯುವ ಕಾಲ. ಅಂಥ ಹೊತ್ತಿನಲ್ಲಿ ಬುಲೆಟಿನ್ನಿನ ಭಾಷೆ ಹೀಗಿರುತ್ತದೆ: "ನೈಋತ್ಯ ಬಂಗಾಳ ಕೊಲ್ಲಿಯಲ್ಲಿ ಉಂಟಾಗಿರುವ ವಾಯುಭಾರ ಕುಸಿತದ ಪರಿಣಾಮ ದಕ್ಷಿಣ ಒಳನಾಡಿನ ಕೆಲವೆಡೆ ಸಾಧಾರಣ ಮಳೆಯಾಗುವ ಸಾಧ್ಯತೆ ಇದೆ." ತಪ್ಪೇನಿಲ್ಲ. ಆದರೆ ಕುಯ್ದ ರಾಗಿಯನ್ನು ಹೊಲದಲ್ಲೇ ಹರಡಿ ಬಂದವನಿಗೆ ಇದರಲ್ಲಿ ಏನು ಸಿಕ್ಕಿತು? ಅದನ್ನೇ ಹಲಗೆ ಮೇಲೆ ಹೀಗೆ ಬರೆಯಬಹುದು:

"ಭಾನುವಾರದಿಂದ ಮಂಗಳವಾರದವರೆಗೆ ಮೋಡ, ಬಿಟ್ಟು ಬಿಟ್ಟು ಸೋನೆ. ಕುಯ್ದ ರಾಗಿ ಹೊಲದಲ್ಲಿದ್ದರೆ ಶನಿವಾರ ಸಂಜೆಯೊಳಗೆ ಮೆದೆ ಒಟ್ಟಿ, ಟಾರ್ಪಾಲು ಹೊದಿಸಿ. ಇನ್ನೂ ಕುಯ್ದಿಲ್ಲದಿದ್ದರೆ ಬುಧವಾರದವರೆಗೆ ತಡೆಯಿರಿ. ಆಲೆಮನೆಯವರು ಒಣ ಸಿಪ್ಪೆ ಮುಚ್ಚಿಡಿ."

ವಿಜ್ಞಾನ ಒಂದು ಚೂರೂ ಕಮ್ಮಿ ಆಗಿಲ್ಲ, ಕೇಳುವವನ ಕೆಲಸಕ್ಕೆ ತಂದು ಕೂರಿಸಿದ್ದೇವೆ ಅಷ್ಟೇ. ಒಂದು ಎಚ್ಚರ: ಔಷಧಿ ಹೊಡೆಯುವುದು, ಗೊಬ್ಬರ ಹಾಕುವುದು ಇಂಥ ಸಲಹೆ ನಿಮ್ಮ ತಲೆಯಿಂದ ಬರೆಯಬೇಡಿ. ಪ್ರತಿ ಮಂಗಳವಾರ, ಶುಕ್ರವಾರ ಜಿಲ್ಲೆಗೆ ಕೃಷಿ ಹವಾಮಾನ ಸಲಹೆ ಬರುತ್ತದೆ, ಮೇಘದೂತ್ ಆ್ಯಪಿನಲ್ಲೂ ಸಿಗುತ್ತದೆ. ಅದರಿಂದ ತೆಗೆದುಕೊಳ್ಳಿ. ಅನುಮಾನ ಬಂದರೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ, ಅಂದರೆ ವಿ.ಸಿ. ಫಾರಂನವರನ್ನು ಕೇಳಿ.

ಅಳತೆಯ ವಿಷಯಕ್ಕೂ ಹೀಗೇ. ರೈತರು "ಒಂದು ಹದ ಮಳೆ ಆಯ್ತು" ಅನ್ನುತ್ತಾರೆ, ಬುಲೆಟಿನ್ "22 ಮಿ.ಮೀ." ಅನ್ನುತ್ತದೆ. ಯಾವುದನ್ನು ಆರಿಸೋದು? ಎರಡನ್ನೂ ಇಡಿ, ನಡುವೆ ಒಂದು ಲೆಕ್ಕ ಕೊಡಿ. ಒಂದು ಎಕರೆ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. 25 ಮಿ.ಮೀ. ಬಿದ್ದರೆ ಒಂದು ಲಕ್ಷ ಲೀಟರ್. ಬೋರ್‌ವೆಲ್ ಮೋಟರ್ ಎಷ್ಟು ಹೊತ್ತು ಓಡಿದರೆ ಅಷ್ಟು ನೀರು ಬರುತ್ತದೆ ಅನ್ನುವುದು ರೈತರಿಗೆ ಬಾಯಿಪಾಠ, ಆಮೇಲೆ ಮಿಲಿಮೀಟರ್ ಅವರದೇ ಆಗುತ್ತದೆ. "ಭಾರಿ ಮಳೆ" ಅನ್ನುವುದಕ್ಕೂ ಲೆಕ್ಕ ಇದೆ: 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ಭಾರಿ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ಹಲಗೆಯ ಮೂಲೆಯಲ್ಲಿ ಪೇಂಟಿನಲ್ಲಿ ಬರೆಸಿಬಿಡಿ.

ರೇಡಿಯೊ

ಮೈಸೂರಿಗೂ ರೇಡಿಯೊಗೂ ಹಳೇ ನಂಟು. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲೇ ಇಲ್ಲಿ ಖಾಸಗಿ ಬಾನುಲಿ ಕೇಂದ್ರ ನಡೆಸಿದವರು. ಈಗ ಮೈಸೂರು ಆಕಾಶವಾಣಿ ಎಫ್‌ಎಂ 100.6ರಲ್ಲಿ ಕೇಳುತ್ತದೆ, ಅದರ ಕೃಷಿ ಕಾರ್ಯಕ್ರಮಕ್ಕೆ ಕಾಯಂ ಕೇಳುಗರಿದ್ದಾರೆ. ಸರಗೂರಿನ ಜನಧ್ವನಿಯಂಥ ಸಮುದಾಯ ಬಾನುಲಿಗಳು ಚಿಕ್ಕವು, ಹತ್ತು ಹದಿನೈದು ಕಿ.ಮೀ. ಆಚೆಗೆ ಹೋಗಲ್ಲ. ಆದರೆ ಅಷ್ಟು ಜಾಗದಲ್ಲಿ ಅವರ ಮಾತು ಆ ಊರಿನ ಮಾತೇ. ಸಮುದಾಯ ಬಾನುಲಿಗೆ ಸ್ವಂತ ಸುದ್ದಿ ಪ್ರಸಾರ ಮಾಡುವ ಹಾಗಿಲ್ಲ, ಹವಾಮಾನ ಹೇಳಲು ಅಡ್ಡಿಯಿಲ್ಲ.

ಹಲಗೆಗೆ ಹೋಲಿಸಿದರೆ ರೇಡಿಯೊದ ಲಾಭ, ಕೈಯಲ್ಲಿ ಕೆಲಸ ಇರುವವರೂ ಕೇಳಬಹುದು. ನಷ್ಟ, ಪ್ರಸಾರದ ಹೊತ್ತು ನಿಮ್ಮ ಕೈಯಲ್ಲಿಲ್ಲ. ದೊಡ್ಡ ಕೇಂದ್ರದಲ್ಲಿ ನಿಮ್ಮ ಮಾತು ಮೊದಲೇ ರೆಕಾರ್ಡ್ ಆಗುವುದೇ ಹೆಚ್ಚು, ಮೂರು ದಿನದ ಮಳೆಗೆ ಅದು ಒಗ್ಗಲ್ಲ. ವಾರದ ಕೃಷಿ ಸಲಹೆಗೆ, ಮಳೆಗಾಲದ ಒಟ್ಟು ನೋಟಕ್ಕೆ ರೇಡಿಯೊ ಇಟ್ಟುಕೊಳ್ಳಿ. ಅವಕಾಶ ಸಿಕ್ಕರೆ ಒಂದು ಉದ್ದ ಭಾಷಣದ ಬದಲು ಐದೈದು ನಿಮಿಷದ ಎಂಟು ಕಂತು ಕೇಳಿ.

ಯೂಟ್ಯೂಬ್ ಬಗ್ಗೆ ಜಾಸ್ತಿ ಹೇಳಲ್ಲ. ಚೆನ್ನಾಗಿ ಮಾಡುವವರು ಇದ್ದಾರೆ. ಆದರೆ "ಮಂಡ್ಯಕ್ಕೆ ಕಾದಿದೆ ಜಲಗಂಡಾಂತರ" ಅಂತ ಹೆಸರಿಡದಿದ್ದರೆ ಯಾರೂ ಒತ್ತಲ್ಲ, ಇಟ್ಟರೆ ನಿಮ್ಮನ್ನು ಯಾರೂ ನಂಬಲ್ಲ. ಜಾಥಾ ಬಗ್ಗೆಯೂ ನನಗೆ ಅಷ್ಟಕ್ಕಷ್ಟೆ. ಬ್ಯಾನರ್ ಹಿಡಿದ ಮಕ್ಕಳು ಬಿಸಿಲಲ್ಲಿ ಬೆಂದು ಬರುತ್ತಾರೆ.

ಮಳೆ ನಕ್ಷತ್ರದ ಜೊತೆ ಜಗಳವೋ, ರಾಜಿಯೋ?

ವಿಜ್ಞಾನದವರು ಕೆಲವರು ಭರಣಿ, ರೋಹಿಣಿ, ಆರಿದ್ರೆ ಅಂದ ಕೂಡಲೇ ಮುಖ ಗಂಟು ಹಾಕುತ್ತಾರೆ. ಅದು ದಡ್ಡತನ. ಮಳೆ ನಕ್ಷತ್ರ ಸೂರ್ಯನ ಚಲನೆಯ ಲೆಕ್ಕ, ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಆರಿದ್ರೆ ಪ್ರತಿ ವರ್ಷ ಜೂನ್ 22ರ ಆಸುಪಾಸಿನಲ್ಲೇ ಹುಟ್ಟುತ್ತದೆ. ಹಾಗಾಗಿ ಅದು ಒಳ್ಳೆಯ ಕ್ಯಾಲೆಂಡರ್. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅಂತ ಗಾದೆ ಹೇಳುವವರಿಗೆ, "ಈ ಸಲ ಭರಣಿಯಲ್ಲಿ 46 ಮಿ.ಮೀ., ಹೋದ ಸಲ 12" ಅನ್ನುವಂತೆ ಹೇಳಿ ನೋಡಿ, ಎಷ್ಟು ಬೇಗ ಕಿವಿಗೆ ಹೋಗುತ್ತದೆ. ಜೂನ್ ಒಂದರಿಂದ ಸೆಪ್ಟೆಂಬರ್ 30ರವರೆಗಿನ ಲೆಕ್ಕ ಇಲಾಖೆಗೆ ಇರಲಿ, ಊರಿಗೆ ನಕ್ಷತ್ರದ ಲೆಕ್ಕವೂ ಇರಲಿ.

ಯುಗಾದಿ ದಿನ ಪಂಚಾಂಗದಲ್ಲಿ ಓದುವ ಮಳೆ ಫಲ ಮಾತ್ರ ಬೇರೆ ಮಾತು. ಅದು ಮುನ್ಸೂಚನೆ ಅಂತ ಹೇಳಿಕೊಳ್ಳುತ್ತದೆ. ಅದರ ಮೇಲೆ ವಾದಕ್ಕೆ ಇಳಿದರೆ ಊರಿನಲ್ಲಿ ನಿಮಗೆ ಶತ್ರುಗಳು ಹುಟ್ಟುತ್ತಾರೆ ಅಷ್ಟೇ. ಪಂಚಾಂಗದ್ದು ಒಂದು ಕಾಲಂ, ಇಲಾಖೆಯದು ಒಂದು ಕಾಲಂ, ಬಿದ್ದದ್ದು ಒಂದು ಕಾಲಂ ಮಾಡಿ ಗ್ರಂಥಾಲಯದಲ್ಲಿ ತೂಗುಹಾಕಿ. ನೋಡುವವರು ನೋಡಲಿ.

ಕಟ್ಟೆ ಮತ್ತು ಕಡಲು: ಭಾಷಣವೋ, ಪ್ರವಾಸವೋ?

"ಮಂಡ್ಯಕ್ಕೂ ಸಮುದ್ರಕ್ಕೂ ಏನ್ ಸಂಬಂಧ ಸಾ?" ಅಂತ ಕೇಳುತ್ತಾರೆ. ನಾವಿರುವುದು ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿ. ಅರಬ್ಬೀ ಸಮುದ್ರದ ತೇವ ಹೊತ್ತ ಗಾಳಿ ಕೊಡಗಿನಲ್ಲಿ ಸುರಿಸಿ ಹಗುರಾಗಿ ನಮ್ಮ ಕಡೆ ಬರುತ್ತದೆ. ನಮ್ಮ ಭತ್ತ, ಕಬ್ಬು ಬೆಳೆಯುವುದು ಆ ಕೊಡಗಿನ ಮಳೆ ಕಾವೇರಿಯಾಗಿ ಕಟ್ಟೆಗೆ ಬಂದಾಗ. ಹಾಗಾಗಿ ಕಡಲಿನ ವಿಜ್ಞಾನ ಹೇಳಲು ನಮ್ಮ ಹತ್ತಿರ ಇರುವ ಅತಿ ಒಳ್ಳೆಯ ಸಾಧನ ಕೆ.ಆರ್.ಎಸ್. ಅಣೆಕಟ್ಟೇ. ಸಭಾಂಗಣದಲ್ಲಿ ಪೆಸಿಫಿಕ್ ಸಾಗರದ ನಕ್ಷೆ ತೋರಿಸುವುದಕ್ಕಿಂತ ಕಟ್ಟೆಯ ಹತ್ತಿರ ಜನರನ್ನು ನಿಲ್ಲಿಸಿ ಮಾತಾಡುವುದು ವಾಸಿ.

ಏನು ಹೇಳಬೇಕು? ತುಂಬಿದ ಮಟ್ಟ 124.80 ಅಡಿ, ಹಿಡಿಯುವುದು 49.45 ಟಿಎಂಸಿ. ಇದು ಎಲ್ಲರಿಗೂ ಗೊತ್ತು. 2023ರಲ್ಲಿ ತುಂಬಲಿಲ್ಲ, 2025ರಲ್ಲಿ ಜೂನ್ ಕೊನೆಗೇ ತುಂಬಿತು. ಇದೂ ಗೊತ್ತು. ಯಾಕೆ ಅನ್ನುವಲ್ಲಿ ಕಡಲು ಬರುತ್ತದೆ. 2023ರಲ್ಲಿ ಎಲ್ ನಿನೊ ಇತ್ತು. ಪೆಸಿಫಿಕ್ ಸಾಗರದ ನಡುವೆ, ಪೆರು ದೇಶದ ಕಡೆ, ಮೇಲ್ಪದರದ ನೀರು ಮಾಮೂಲಿಗಿಂತ ಬಿಸಿಯಾಗಿ ಗಾಳಿಯ ದಿಕ್ಕು ದೆಸೆ ಬದಲಾಗುವುದಕ್ಕೆ ಆ ಹೆಸರು. ಆ ವರ್ಷದ ಆಗಸ್ಟ್ 1901ರಿಂದ ಈಚೆಗೆ ದೇಶದ ಅತಿ ಒಣ ಆಗಸ್ಟ್. ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸಾರಬೇಕಾಯಿತು.

ಇಲ್ಲಿ ಒಂದು ಆಯ್ಕೆ ಬರುತ್ತದೆ. "ಎಲ್ ನಿನೊ ಬಂದರೆ ಬರ" ಅಂತ ಸರಳವಾಗಿ ಹೇಳಿಬಿಡೋದೋ, ಇಲ್ಲಾ ಪೂರ್ತಿ ಹೇಳೋದೋ? ಪೂರ್ತಿ ಹೇಳಿ, ಜನ ತಾಳಿಕೊಳ್ಳುತ್ತಾರೆ. 1997ರಲ್ಲಿ ಬಲವಾದ ಎಲ್ ನಿನೊ ಇತ್ತು, ಆದರೂ ದೇಶದ ಮುಂಗಾರು ಸರಾಸರಿಯ ಶೇ 102 ಆಯಿತು. 2002ರಲ್ಲಿ ಅದಕ್ಕಿಂತ ಮೆತ್ತಗಿನ ಎಲ್ ನಿನೊ, ಮಳೆ ಶೇ 81ಕ್ಕೆ ಕುಸಿಯಿತು. ಹಿಂದೂ ಮಹಾಸಾಗರವೂ ಆಟಕ್ಕೆ ಇಳಿಯುತ್ತದೆ. ಆಫ್ರಿಕಾ ಕಡೆಯ ನೀರು ಬಿಸಿಯಾಗಿ ಸುಮಾತ್ರಾ ಕಡೆಯದು ತಣ್ಣಗಾದರೆ ನಮ್ಮ ಮುಂಗಾರಿಗೆ ಅನುಕೂಲ ಆಗುವುದುಂಟು. 2019ರಲ್ಲಿ ಹಾಗೆ ಆಗಿತ್ತು. ಈ ನಾಲ್ಕು ವರ್ಷಗಳನ್ನು ಪಕ್ಕಪಕ್ಕ ಇಟ್ಟರೆ, ಮುನ್ಸೂಚನೆ ಅಂದರೆ ಕಣಿ ಹೇಳುವ ಮಾತಲ್ಲ, ಎಷ್ಟೋ ಕಡೆಯ ತೂಕ ನೋಡಿ ಹೇಳುವ ಮಾತು ಅನ್ನೋದು ತಾನಾಗಿ ತಿಳಿಯುತ್ತದೆ.

ಯಾವಾಗ ಹೇಳೋದು ಅನ್ನುವುದು ಏನು ಹೇಳೋದು ಅನ್ನುವಷ್ಟೇ ಮುಖ್ಯ. ಕಾವೇರಿ ನೀರಿಗಾಗಿ ಹೆದ್ದಾರಿಯಲ್ಲಿ ಕೂತಿರುವವರ ಮುಂದೆ ಸೆಪ್ಟೆಂಬರಿನಲ್ಲಿ ಹೋಗಿ ಪೆಸಿಫಿಕ್ ಸಾಗರದ ಪಾಠ ಮಾಡಬೇಡಿ. ಏಪ್ರಿಲಿನಲ್ಲಿ ಇಲಾಖೆಯ ಮೊದಲ ಮುಂಗಾರು ಮುನ್ಸೂಚನೆ ಬರುತ್ತದೆ, ಮೇ ಕೊನೆಗೆ ಎರಡನೆಯದು. ಆ ನಡುವೆ ಮಾತಾಡಿ. ಆಗ ಜನರಿಗೆ ಪುರುಸೊತ್ತೂ ಇರುತ್ತದೆ, ಯಾವ ಬೆಳೆ ಇಡೋದು ಅನ್ನುವ ಲೆಕ್ಕಾಚಾರವೂ ನಡೆದಿರುತ್ತದೆ. ಇನ್ನೊಂದು ಮಾತು ಮರೆಯದೆ ಹೇಳಿ: ಆ ಮುನ್ಸೂಚನೆ ಮುಖ್ಯವಾಗಿ ದೇಶದ ಒಟ್ಟು ಮಳೆಗೆ. ದೇಶದ ಸರಾಸರಿ 87 ಸೆಂ.ಮೀ., ಅದರ ಶೇ 96ರಿಂದ 104ರ ನಡುವೆ ಬಂದರೆ "ಸಾಮಾನ್ಯ". ದೇಶಕ್ಕೆ ಸಾಮಾನ್ಯ ಆದ ವರ್ಷ ನಾಗಮಂಗಲಕ್ಕೆ ಬರ ಬೀಳಬಹುದು.

ಮೈಸೂರು ಪಟ್ಟಣದವರಿಗೆ ಇನ್ನೊಂದು ದಾರಿ ಇದೆ, ಮೀನು ಮಾರುಕಟ್ಟೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ರಜೆ. ಆ ಎರಡು ತಿಂಗಳು ಮೀನಿನ ರೇಟು ಯಾಕೆ ಏರುತ್ತದೆ ಅನ್ನುವಲ್ಲಿಂದ ಕಡಲಿನ ಕಥೆ ಶುರು ಮಾಡಬಹುದು. ಕರಾವಳಿಯವರಿಗೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ, ಅಂದರೆ ಇನ್‌ಕಾಯ್ಸ್, ಉಪಗ್ರಹದಿಂದ ಸಮುದ್ರದ ಬಿಸಿ ಮತ್ತು ಪಾಚಿಯ ಹಸಿರು ನೋಡಿ ಮೀನು ಎಲ್ಲಿ ಸಿಗಬಹುದು ಅಂತ ಹೇಳುತ್ತದೆ. ಅವರ ಸಂದೇಶ ನೋಡಿ ಕಲಿಯಬೇಕು: ಯಾವ ದಿಕ್ಕು, ದಡದಿಂದ ಎಷ್ಟು ದೂರ, ಎಷ್ಟು ಆಳ. ದೋಣಿಯವನಿಗೆ ಬೇಕಾದದ್ದು ಅಷ್ಟೇ.

ಹವಾಗುಣ: ಅತಿಥಿ ಉಪನ್ಯಾಸವೋ, ಗೋಡೆಯೋ?

ಜೀವಮಾನದ ಸುದ್ದಿಗೆ ಜೀವಮಾನ ಇರುವ ಜಾಗ ಬೇಕು, ಅಂದರೆ ಶಾಲೆ. ಆದರೆ ಶಾಲೆಯಲ್ಲಿ ಅತಿಥಿ ಉಪನ್ಯಾಸ ಬೇಡ. ಹಾರ, ಶಾಲು, ಸ್ವಾಗತ ಗೀತೆ ಮುಗಿಯುವ ಹೊತ್ತಿಗೆ ಊಟದ ಬೆಲ್ ಹೊಡೆಯುತ್ತದೆ.

ಎರಡು ಬಲೂನು ತನ್ನಿ. ಒಂದಕ್ಕೆ ಗಾಳಿ ತುಂಬಿ, ಇನ್ನೊಂದಕ್ಕೆ ನೀರು. ಎರಡರ ಕೆಳಗೂ ಮೇಣದಬತ್ತಿ ಹಿಡಿಯಿರಿ. ಗಾಳಿಯದು ಢಂ ಅನ್ನುತ್ತದೆ, ನೀರಿನದು ಸುಮ್ಮನಿರುತ್ತದೆ, ಬಿಸಿಯನ್ನು ನೀರು ಎಳೆದುಕೊಳ್ಳುತ್ತದೆ. ಭೂಮಿಯಲ್ಲಿ ಹೆಚ್ಚಾದ ಬಿಸಿಯ ಶೇ 90ಕ್ಕೂ ಜಾಸ್ತಿ ಕಡಲಿಗೇ ಹೋಗಿದೆ ಅನ್ನುವುದನ್ನು ಆಗ ಹೇಳಿ, ಮಕ್ಕಳು ಮರೆಯಲ್ಲ. ಅದನ್ನು ಅಳೆಯುವುದು ಹೇಗೆ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಆರ್ಗೊ ಅನ್ನುವ ಸುಮಾರು 4,000 ತೇಲುವ ಯಂತ್ರಗಳು ಸಾಗರಗಳಲ್ಲಿವೆ, ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳಕ್ಕೆ ಮುಳುಗಿ ಮೇಲೆ ಬಂದು ಉಪಗ್ರಹಕ್ಕೆ ಲೆಕ್ಕ ಕಳಿಸುತ್ತವೆ. 130 ಅಡಿ ಎತ್ತರದ ಕನ್ನಂಬಾಡಿಯಂಥ ಐವತ್ತು ಕಟ್ಟೆ ಒಂದರ ಮೇಲೊಂದು ಇಟ್ಟರೆ ಆಗುವಷ್ಟು ಆಳ ಅದು.

ಗೋಡೆಗೆ ಬಣ್ಣದ ಪಟ್ಟಿ ಬರೆಸಿ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಎಡ್ ಹಾಕಿನ್ಸ್ 2018ರಲ್ಲಿ ಮಾಡಿದ್ದು ಇದು. ವರ್ಷಕ್ಕೊಂದು ಉದ್ದ ಪಟ್ಟಿ, ತಣ್ಣಗಿನ ವರ್ಷಕ್ಕೆ ನೀಲಿ, ಬಿಸಿ ವರ್ಷಕ್ಕೆ ಕೆಂಪು. ಅಂಕಿ ಇಲ್ಲ, ಅಕ್ಷರ ಇಲ್ಲ. ಎಡದಿಂದ ಬಲಕ್ಕೆ ನೀಲಿ ಕೆಂಪಾಗುವುದು ದೂರದಿಂದಲೇ ಕಾಣುತ್ತದೆ. ಮಕ್ಕಳೇ ಬಣ್ಣ ಹಚ್ಚಲಿ. ದೇಶದ ಉಷ್ಣಾಂಶದ ಲೆಕ್ಕ ಬಳಸಿ, ನಿಮ್ಮ ಪಂಚಾಯಿತಿಯದು ಬೇಡ. ಹವಾಗುಣ ಅನ್ನಲು ಕನಿಷ್ಠ ಮೂವತ್ತು ವರ್ಷದ ಲೆಕ್ಕ ಬೇಕು.

ಜೊತೆಗೆ ಹಿರಿಯರ ನೆನಪು. ಮಕ್ಕಳು ಅಜ್ಜ ಅಜ್ಜಿಯನ್ನು ಕೇಳಿ ಬರೆದುಕೊಂಡು ಬರಲಿ: ಕೆರೆ ಕೋಡಿ ಬಿದ್ದದ್ದು ಯಾವ ವರ್ಷ, ಬಾವಿ ಬತ್ತಿದ್ದು ಯಾವಾಗ. ಘಟನೆಗೆ ನೆನಪು ಗಟ್ಟಿ, ಸರಾಸರಿಗೆ ಅಲ್ಲ. "ನಮ್ ಕಾಲ್ದಲ್ಲಿ ಮಳೆ ಜಾಸ್ತಿ" ಅನ್ನುವುದನ್ನು ಲೆಕ್ಕದ ಪಕ್ಕ ಇಟ್ಟು ನೋಡಬೇಕು. ಒಟ್ಟು ಮಳೆ ಅಷ್ಟೇ ಇದ್ದು ಬೀಳುವ ರೀತಿ ಬದಲಾಗಿರಲೂಬಹುದು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು, ಸುರಿದಾಗ ಜೋರಾಗಿ ಸುರಿಯುತ್ತದೆ. ಹಾಗಂತ ಒಂದು ಬಿಸಿ ಏಪ್ರಿಲ್ ತೋರಿಸಿ "ನೋಡಿ ಹವಾಗುಣ ಬದಲಾವಣೆ" ಅನ್ನಬೇಡಿ. ಮುಂದಿನ ಏಪ್ರಿಲ್ ತಣ್ಣಗಿದ್ದರೆ ಏನು ಹೇಳುತ್ತೀರಿ?

ಮೈಸೂರಿನಲ್ಲಿದ್ದರೆ ಕಾರಂಜಿ ಕೆರೆ ದಡದ ಪ್ರಾಕೃತಿಕ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬಹುದು. ದಸರಾ ವಸ್ತುಪ್ರದರ್ಶನದಲ್ಲಿ ಮಳಿಗೆ ಸಿಕ್ಕರೆ ಪೋಸ್ಟರ್ ಅಂಟಿಸಬೇಡಿ, ಬಲೂನು ಇಡಿ. ಅಲ್ಲಿ ಜನ ಮಸಾಲೆ ಮಂಡಕ್ಕಿ ಕೈಯಲ್ಲಿ ಹಿಡಿದು ನಡೆಯುತ್ತಾ ಇರುತ್ತಾರೆ. ಢಂ ಅಂದರೆ ಮಾತ್ರ ನಿಲ್ಲುತ್ತಾರೆ.

ಮುನ್ಸೂಚನೆ ತಪ್ಪಿದ ದಿನ

ತಪ್ಪುತ್ತದೆ. ಆ ದಿನ ಯಾವ ದಾರಿ ನಿಮ್ಮನ್ನು ಕಾಪಾಡುತ್ತದೆ ಅಂತಲೂ ನೋಡಿ. ವಾಟ್ಸಾಪಿನಲ್ಲಿ ಡಿಲೀಟ್ ಒತ್ತಿ ತಪ್ಪಿಸಿಕೊಳ್ಳಬಹುದು, ಆದರೆ ಜನ ಸ್ಕ್ರೀನ್‌ಶಾಟ್ ಇಟ್ಟುಕೊಂಡಿರುತ್ತಾರೆ. ಹಲಗೆಯಲ್ಲಿ ಒಂದು ಮೂಲೆ ಬಿಟ್ಟು ಈ ತಿಂಗಳು ಎಷ್ಟು ದಿನ ಸರಿ, ಎಷ್ಟು ದಿನ ತಪ್ಪು ಅಂತ ಗೀಟು ಹಾಕುತ್ತಾ ಹೋಗಿ. ಗೀಟು ಹಾಕುವ ಮುಂಚೆ ಇಲಾಖೆಯ ಮಾತನ್ನು ಸರಿಯಾಗಿ ಓದಿ. "ಒಂದೆರಡು ಕಡೆ" ಅಂದರೆ ಆ ಪ್ರದೇಶದ ಮಳೆ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲು ಭಾಗದಲ್ಲಿ ಮಳೆ. ನಿಮ್ಮೂರು ಮಿಕ್ಕ ಮುಕ್ಕಾಲಿನಲ್ಲಿ ಇದ್ದರೆ ಮುನ್ಸೂಚನೆ ತಪ್ಪಿದಂತಲ್ಲ. ಇದನ್ನು ಹೇಳಬೇಕಾದವರು ನೀವೇ, ಮತ್ತೆ ಅದನ್ನು ಪ್ರತಿ ಸಲ ನೆಪ ಮಾಡಿಕೊಳ್ಳಬಾರದವರೂ ನೀವೇ.

ಎಲ್ಲವನ್ನೂ ಒಟ್ಟಿಗೆ ಶುರು ಮಾಡಲು ಹೋಗಬೇಡಿ. ದಿನಕ್ಕೆ ಅರ್ಧ ಗಂಟೆ ಬಿಡುವಿರುವ ಒಬ್ಬರೇ ಇದ್ದರೆ ಹಲಗೆ ಒಂದೇ ಸಾಕು, ಅದರ ಫೋಟೊ ವಾಟ್ಸಾಪಿಗೆ. ಇಬ್ಬರು ಇದ್ದರೆ ಇನ್ನೊಬ್ಬರು ಶಾಲೆ ನೋಡಿಕೊಳ್ಳಲಿ. ಮೇ ಮೊದಲ ವಾರ, ಭರಣಿ ಮಳೆಯ ಹೊತ್ತಿಗೆ ಶುರು ಮಾಡಿ. ಬಾಯಿಂದ ತಳದವರೆಗೆ ಒಂದೇ ಅಗಲ ಇರುವ ಡಬ್ಬ ಒಂದನ್ನು ಮರ, ಸೂರು ಇಲ್ಲದ ಬಯಲಲ್ಲಿಟ್ಟು, ಬೆಳಿಗ್ಗೆ 8.30ಕ್ಕೆ ಸ್ಕೇಲ್ ಅದ್ದಿ ನೀರಿನ ಎತ್ತರ ನೋಡಿ. ಸ್ಕೇಲಿನ ಸೊನ್ನೆ ತುದಿಯಿಂದಲೇ ಶುರುವಾಗಿರಲಿ, ಕೆಲವಕ್ಕೆ ಅರ್ಧ ಸೆಂಟಿಮೀಟರ್ ಬಿಟ್ಟು ಇರುತ್ತದೆ.